ಕೊಲೆಗಾರ ಯಾರೆಂದು ನನಗೆ ಗೊತ್ತು

ಪತ್ತೇದಾರಿ ಸಿನಿಮಾ ನೋಡುವಾಗ ಬಾಯಿ ಮುಚ್ಚಿಕೊಂಡು ಕೂರುವ ಶಕ್ತಿಯನ್ನು ದೇವರು ಕೆಲವರಿಗೆ ಕೊಟ್ಟಿರುತ್ತಾನೆ. ನನಗೆ ಕೊಟ್ಟಿಲ್ಲ. ತೆರೆಯ ಮೇಲೆ ಹೆಣ ಬಿದ್ದೊಡನೆ ಕೊಲೆಗಾರ ಯಾರೆಂದು ನನಗೆ ಹೊಳೆದುಬಿಡುತ್ತದೆ. ಹೊಳೆದದ್ದನ್ನು ಪಕ್ಕದವರಿಗೆ ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಅದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ತಪ್ಪಾದರೆ, ಆ ತಪ್ಪು ನಿರ್ದೇಶಕನದೇ ಹೊರತು ನನ್ನದಲ್ಲವೆಂದು ಸಾಧಿಸುವಷ್ಟು ವಿದ್ಯೆ ನನ್ನಲ್ಲಿತ್ತು.

ಎಪ್ಪತ್ತರ ದಶಕದಲ್ಲಿ ನಾನು ಮದರಾಸಿನ ಒಂದು ವಿಮಾ ಕಚೇರಿಯಲ್ಲಿದ್ದೆ, ಮನೆ ಕೀಲ್ಪಾಕಿನಲ್ಲಿತ್ತು. ರೈಲ್ವೆ, ಬ್ಯಾಂಕು, ವಿಮೆ ಎಂದು ಹೊಟ್ಟೆಪಾಡಿಗೆ ಬಂದಿದ್ದ ಕನ್ನಡಿಗರೆಲ್ಲ ಸೇರಿ ಒಂದು ಚಿತ್ರಸಂಘ ಕಟ್ಟಿಕೊಂಡಿದ್ದೆವು. ಭಾನುವಾರ ಸಂಜೆ ಬಾಡಿಗೆಯ ಹಾಲಿನಲ್ಲಿ ಪರದೇಶದ ಹಳೆಯ ಅಪರಾಧ ಚಿತ್ರಗಳು, ಆಮೇಲೆ ಚರ್ಚೆ. ಚರ್ಚೆ ಎಂದರೆ ನಾನು ಮಾತನಾಡುವುದು, ಉಳಿದವರು ಕೊನೆಯ ಬಸ್ಸಿನ ಚಿಂತೆ ಮಾಡುವುದು. ಒಮ್ಮೆ ಪ್ರೊಜೆಕ್ಟರಿನವನು ಕೊನೆಯ ರೀಲನ್ನು ಮಧ್ಯದಲ್ಲಿ ಹಾಕಿಬಿಟ್ಟ. ಕಾಲದ ಸರಪಳಿಯನ್ನೇ ಮುರಿದ ಆ ನಿರ್ದೇಶಕನ ಎದೆಗಾರಿಕೆಯನ್ನು ನಾನು ಬಹಳ ಹೊತ್ತು ಕೊಂಡಾಡಿದೆ. ರೀಲು ಅದಲುಬದಲಾಗಿತ್ತೆಂದು ಪ್ರೊಜೆಕ್ಟರಿನವನು ಬಂದು ಕ್ಷಮೆ ಕೇಳಿದಾಗ ಸಭೆಯೆಲ್ಲ ನಕ್ಕಿತು. ಕೊಲೆಗಾರ ಸಿಕ್ಕಿಬೀಳುವುದನ್ನು ಮಧ್ಯದಲ್ಲೇ ಕಣ್ಣಾರೆ ಕಂಡೂ ನಾನು ಬೇರೆಯವನನ್ನೇ ಅನುಮಾನಿಸುತ್ತಿದ್ದೆನೆಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಅಂಥದೊಂದು ಸಂಜೆ ಅತಿಥಿಯಾಗಿ ಬಂದವರು ನಿರ್ದೇಶಕ ಮಂಜಪ್ಪನವರು. ಆಗ ಕನ್ನಡ ಚಿತ್ರಗಳು ಎಷ್ಟೋ ಕೋಡಂಬಾಕ್ಕಮ್ಮಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. ಅವರೂ ಅಲ್ಲೇ ಬೀಡುಬಿಟ್ಟಿದ್ದರು. ನನ್ನ ಮಾತನ್ನೆಲ್ಲ ಗಲ್ಲಕ್ಕೆ ಕೈಯಿಟ್ಟು ಕೇಳಿ, ತಾವೊಂದು ಕೊಲೆಯ ಕಥೆ ಮಾಡುತ್ತಿರುವುದಾಗಿಯೂ ಅದನ್ನು ನನಗೆ ಹೇಳಬೇಕೆಂದಿರುವುದಾಗಿಯೂ ತಿಳಿಸಿದರು. ಮುಂದಿನ ಭಾನುವಾರವೇ ಮನೆಗೆ ಊಟಕ್ಕೆ ಕರೆದೆ. ನನ್ನ ಹೆಂಡತಿ ಜಾನಕಿ ಬಿಸಿಬೇಳೆ ಭಾತ್ ಮಾಡಿದಳು. ಊಟವಾದ ಮೇಲೆ ಮಂಜಪ್ಪನವರು ಎಸ್ಟೇಟಿನ ಯಜಮಾನನೊಬ್ಬನನ್ನು ನಮ್ಮ ನಡುಮನೆಯಲ್ಲೇ ಕೊಂದು, ತಮ್ಮ, ಸೊಸೆ, ವಕೀಲ, ಡಾಕ್ಟರು ಎಲ್ಲರ ಮೇಲೂ ಸಂಶಯ ಎಬ್ಬಿಸಿ, ಸರಿಯಾಗಿ ಇಂಟರ್ವಲ್ಲಿಗೆ ನಿಲ್ಲಿಸಿ, "ಯಾರಿರಬಹುದು ಸಾರ್?" ಎಂದರು.

"ಡಾಕ್ಟರು," ಎಂದೆ. ಅವನು ಕೈ ತೊಳೆಯುವ ದೃಶ್ಯದ ಒಳಾರ್ಥದಿಂದ ಹಿಡಿದು ಮನುಷ್ಯನ ಪಾಪಪ್ರಜ್ಞೆಯವರೆಗೆ ಕಾರಣಗಳನ್ನು ಬಿಡಿಸಿಟ್ಟೆ. ಮಂಜಪ್ಪನವರ ಮುಖ ಅರಳಿತು. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು, ಏನೂ ಹೇಳಲಿಲ್ಲ. ಏನು ಹೇಳಬೇಕು? ಗುಟ್ಟು ಬಯಲಾದ ಕಲಾವಿದ ಮೂಕನಾಗುವುದು ಸಹಜವೆಂದುಕೊಂಡೆ.

ಅಂದಿನಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ. ಮಂಜಪ್ಪನವರು ತಮ್ಮ ಸ್ನೇಹಿತರಾದ ಇನ್ನಿಬ್ಬರು ನಿರ್ದೇಶಕರನ್ನೂ ಕರೆತಂದರು. ಅವರೂ ಒಂದೊಂದು ಕೊಲೆ ಮಾಡಿ, ನನ್ನನ್ನು ಕೇಳಿ, ಕೈ ಕುಲುಕಿ ಸಂತೋಷದಿಂದ ಹೋದರು. ಜಾನಕಿ ಮಾತ್ರ, "ಏನೂಂದ್ರೆ, ವಾರಾವಾರ ಕೊಲೆ ಮಾಡಿದೋರಿಗೆಲ್ಲ ನಾನು ಸಾಪಾಡು ಹಾಕಬೇಕಾ?" ಎಂದು ಕೇಳಿದಳು. ಅವಳು ಹುಟ್ಟಿ ಬೆಳೆದದ್ದು ಮದರಾಸಿನದೇ ತಿರುವಲ್ಲಿಕ್ಕೇಣಿಯಲ್ಲಿ, ಊಟ ಅವಳ ಬಾಯಲ್ಲಿ ಸಾಪಾಡೇ. ಕಲೆಗಾಗಿ ಒಂದಿಷ್ಟು ತ್ಯಾಗ ಬೇಕೆಂದು ಅವಳಿಗೆ ತಿಳಿಯಹೇಳಿದೆ. ತ್ಯಾಗ ಅವಳದಾದ್ದರಿಂದ ಹೇಳುವುದು ನನಗೆ ಸುಲಭವಾಗಿತ್ತು.

ಮಂಜಪ್ಪನವರ ಚಿತ್ರ ಬಿಡುಗಡೆಯಾಯಿತು. ಮದರಾಸಿನಲ್ಲಿ ಕನ್ನಡ ಚಿತ್ರಕ್ಕೆ ಭಾನುವಾರದ ಬೆಳಗಿನ ಆಟವೇ ಗತಿ. ಹೆಂಡತಿ, ಮಗಳು, ಕಚೇರಿಯ ಗೆಳೆಯರು, ಸಂಘದವರು, ಮಹಡಿಯ ಮೇಲಿನ ಅಯ್ಯಂಗಾರ್ ದಂಪತಿ ಎಲ್ಲರನ್ನೂ ಹೊರಡಿಸಿದೆ. ಕೊಲೆಗಾರ ಡಾಕ್ಟರೆಂದು ಬಸ್ಸಿನಲ್ಲೇ ಎಲ್ಲರಿಗೂ ತಿಳಿಸಿದೆ. ಹಾಗೆ ತಿಳಿದುಕೊಂಡು ನೋಡಿದರೇ ತಂತ್ರ ಅರ್ಥವಾಗುವುದೆಂದು ಸಮಾಧಾನವನ್ನೂ ಹೇಳಿದೆ. ಡಾಕ್ಟರು ತೆರೆಗೆ ಬಂದಾಗಲೆಲ್ಲ ನಮ್ಮ ಸಾಲಿನವರು ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು. ಇಂಟರ್ವಲ್ ಮುಗಿದು ದೀಪ ಆರಿತು. ತೆರೆಯ ಮೇಲೆ ಬಾಗಿಲು ತೆರೆಯಿತು, ಡಾಕ್ಟರು ಬೆನ್ನಿಗೆ ಚಾಕು ಚುಚ್ಚಿಸಿಕೊಂಡು ಮಕಾಡೆ ಬಿದ್ದ.

ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು. ನನ್ನ ಮಗಳು ಶಾಲೆಯಲ್ಲಿ ತಮಿಳು ಕಲಿಯುತ್ತಿದ್ದವಳು, ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರಿಸುವವಳು. "ಅಪ್ಪಾ, ಡಾಕ್ಟರ್ ಸೆತ್ತುಪ್ಪೋಯಿಟ್ಟಾರ್ ಪಾ," ಎಂದು, ಸತ್ತದ್ದು ನನಗೆ ಕಂಡಿಲ್ಲವೇನೋ ಎಂಬಂತೆ ಮರುಕದಿಂದ ತಿಳಿಸಿದಳು. ಅವನು ಸತ್ತಂತೆ ನಟಿಸುತ್ತಿರಬಹುದೆಂದು ಪಿಸುಗುಟ್ಟಿದೆ. ಮುಂದಿನ ದೃಶ್ಯದಲ್ಲಿ ಅವನನ್ನು ಸುಟ್ಟರು. ಕೊಲೆಗಾರ ವಕೀಲನಾಗಿದ್ದ. ಅಯ್ಯಂಗಾರರು ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನೊಡನೆ ಹವೆಯ ಬಗ್ಗೆ ಮಾತ್ರ ಮಾತನಾಡಿದರು. ದೊಡ್ಡ ಮನುಷ್ಯ.

ಮರುದಿನ ಕಚೇರಿ ಬಿಟ್ಟವನೇ ಸ್ಟುಡಿಯೋಗೆ ಹೋಗಿ ಮಂಜಪ್ಪನವರನ್ನು ಹಿಡಿದೆ. ನನ್ನನ್ನು ನಂಬಿಸಿ ಮೋಸ ಮಾಡಿದ್ದೇಕೆಂದು ಕೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಮೋಸ ಎಲ್ಲಿ ಬಂತು ಸಾರ್? ನೀವು ಡಾಕ್ಟರು ಅಂದಿರಿ, ನನ್ನ ಜೀವಕ್ಕೆ ಸಮಾಧಾನ ಆಯ್ತು. ಇಷ್ಟು ಸಿನಿಮಾ ನೋಡಿರೋ ನಿಮಗೇ ಗೊತ್ತಾಗಲಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಾಗತ್ತೆ? ಆ ಧೈರ್ಯದ ಮೇಲೇ ಶೂಟಿಂಗ್‌ಗೆ ಹೋದೆ."

ಉಳಿದ ಇಬ್ಬರೂ ಅದಕ್ಕೇ ಬಂದಿದ್ದರಂತೆ. ನನ್ನದು ಕೈಗುಣವಂತೆ. ಮಾತಿನಲ್ಲಿ ಚೂರೂ ಕುಹಕವಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು. ಅಲ್ಲೇ ಕಾಫಿ ತರಿಸಿಕೊಟ್ಟು, ಹೊಸ ಕಥೆ ಸಿದ್ಧವಾಗಿದೆ, ಭಾನುವಾರ ಬರಲೇ ಎಂದರು. ಬನ್ನಿ ಎಂದೆ. ಮನಸ್ಸಿನಲ್ಲಿ ಹಲ್ಲು ಕಡಿದೆ.

ಹೊಸ ಕಥೆಯಲ್ಲಿ ಒಬ್ಬ ಸಂಗೀತ ವಿದ್ವಾಂಸನ ಕೊಲೆ. ಕೇಳುತ್ತಿದ್ದಂತೆ ಮೃದಂಗದವನೇ ಕೊಂದದ್ದೆಂದು ನನಗೆ ಸ್ಪಷ್ಟವಾಯಿತು. ವಿದ್ವಾಂಸನ ಕಣ್ಣು ಕಾಣದ ಮುದಿ ಅತ್ತೆಯಂತೂ ಶುದ್ಧ ನಿರಪರಾಧಿ, ಇದಕ್ಕೆ ಪ್ರಮಾಣ ಮಾಡಬಲ್ಲವನಾಗಿದ್ದೆ. ಈ ಸಲ ಮೃದಂಗದವನ ಹೆಸರು ಹೇಳಿ ಇವರಿಗೆ ಪುಕ್ಕಟೆ ಸಮಾಧಾನ ಕೊಡಬಾರದು, ಅಸಂಬದ್ಧವಾಗಿ ಏನಾದರೂ ಹೇಳಿ ಗಲಿಬಿಲಿ ಮಾಡಬೇಕೆಂದು, "ಅತ್ತೆ," ಎಂದುಬಿಟ್ಟೆ.

ಮಂಜಪ್ಪನವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಆಮೇಲೆ, "ನಿಮಗೇ ಗೊತ್ತಾಗಿ ಹೋಯ್ತಲ್ಲ ಸಾರ್," ಎಂದು ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಆ ಚಿತ್ರ ತಯಾರಾಗಲೇ ಇಲ್ಲ. ನಿರ್ದೇಶಕರಾರೂ ಮತ್ತೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಹೀಗೆ ಜೀವಮಾನದಲ್ಲಿ ಒಂದೇ ಸಲ ನಾನು ಕೊಲೆಗಾರನನ್ನು ಸರಿಯಾಗಿ ಹಿಡಿದೆ, ಅದೂ ಆ ಮುದುಕಿ ನಿರಪರಾಧಿಯೆಂದು ಮನಸಾರೆ ನಂಬಿದ್ದರಿಂದ. ಈಗಲೂ ಅವಳ ಮೇಲೆ ನನಗೆ ಅನುಮಾನವಿಲ್ಲ. ಆ ಮೃದಂಗದವನನ್ನು ಇನ್ನೊಮ್ಮೆ ವಿಚಾರಿಸಬೇಕಾಗಿತ್ತು.