ಓಮನ್, ಪೋರ್ಚುಗಲ್, ಫಿನ್‌ಲೆಂಡ್ ಮತ್ತು ಗಲಗಲಿಯ ಒಂದು ಎಡಗಾಲು

ಹೊರದೇಶದಲ್ಲಿ ಆಡಿ ತೋರಿಸಲು ದಿನಾ ಓಡಿ ಕಾಲು ಗಟ್ಟಿ ಮಾಡಿಕೊಳ್ಳಬೇಕಾದ ಹತ್ತೊಂಬತ್ತರ ಆಟಗಾರನನ್ನು ನಮ್ಮವರು ಒಂಬತ್ತು ದಿನ ಮೈದಾನ ಬಿಡಿಸಿ ಮನೆಮನೆ ತಿರುಗಿಸಿದರು. ಇದು ತಪ್ಪು. ಮಾಡಿದವರಲ್ಲಿ ನಾನೂ ಒಬ್ಬ. ಆದರೂ ತಪ್ಪು ತಪ್ಪೇ.

ಜಮಖಂಡಿಯಲ್ಲಿ ಫುಟ್‌ಬಾಲ್ ಕಲಿಸಲು ನಿಂತಾಗಿನಿಂದ ಇಂಥವು ಆಗುತ್ತಲೇ ಇವೆ. ಚೆಂಡು ಒದೆಯುವವನು ಒಬ್ಬ, ಬುದ್ಧಿ ಹೇಳುವವರು ಊರೆಲ್ಲ. ಈ ಸಲದ್ದು ಮಾತ್ರ ಎಲ್ಲವನ್ನೂ ಮೀರಿಸಿತು. ಹುಡುಗ ಗಲಗಲಿಯವನು, ಕುರಿ ಸಾಕುವ ಮನೆಯವನು, ಎಡಗಾಲಿನ ಆಟಗಾರ. ಗೋವಾದಲ್ಲಿ ಒಂದು ವರ್ಷ ಆಡಿದ. ಅಲ್ಲಿಯ ಕೋಚ್ ಮಾತಾಡಿ ಮೂರು ದೇಶಗಳ ಸಣ್ಣ ಕ್ಲಬ್ಬುಗಳಿಂದ ಕರೆ ತರಿಸಿದರು: ಓಮನ್, ಪೋರ್ಚುಗಲ್, ಫಿನ್‌ಲೆಂಡ್. ಹತ್ತು ದಿನದೊಳಗೆ ಒಂದನ್ನು ಆರಿಸಿ ಉತ್ತರ ಕೊಡಬೇಕು. ಕೊಡದಿದ್ದರೆ ಮೂರೂ ಹೋದವು. ಕೊಟ್ಟರೂ ಅಲ್ಲಿ ಹೋಗಿ ಆಡಿ ತೋರಿಸಿದರೆ ಮಾತ್ರ ತಂಡದಲ್ಲಿ ಜಾಗ.

ಮುಧೋಳದ ಸೋದರಮಾವ

ಮೊದಲ ತೀರ್ಪು ಹುಡುಗನ ಸೋದರಮಾವನದು. "ಓಮನ್ನಿಗೇ ಹೋಗ್ಲಿ. ಅಲ್ಲಿ ನಮ್ಮ ಮಂದಿ ಅದಾರ."

"ಎಷ್ಟ ಮಂದಿ ಅದಾರ?" ಎಂದೆ.

"ನಮ್ಮ ಓಣ್ಯಾಂವ ಒಬ್ಬಾಂವ. ಗೌಂಡಿ ಕೆಲಸಕ್ಕ ಹೋಗಿದ್ದ."

"ಹೋಗಿದ್ದ ಅಂದ್ರ?"

"ಹ್ವಾದ ತಿಂಗಳ ತಿರುಗಿ ಬಂದಾನ. ಬಿಸಲ ತಡಿಯಾಕ ಆಗಲಿಲ್ಲಂತ."

"ಮತ್ತ ಈಗ ಅಲ್ಲಿ ನಮ್ಮವರು ಯಾರದಾರ?"

ಮಾವ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. "ಇವ ಹೊಂಟಾನಲ್ಲರೀ! ಇವ ಹೋಗಿ ಕುಂತ್ರ ನಮ್ಮಾಂವ ಒಬ್ಬ ಅಲ್ಲಿ ಇದ್ದಂಗ ಆತು."

ತೇರದಾಳದ ಸಾವಕಾರರು

ಹುಡುಗನಿಗೆ ಬೂಟು ಕೊಡಿಸಿದವರು ತೇರದಾಳದ ಜೈನ ಸಾವಕಾರರು. ಒಳ್ಳೆಯ ಮನುಷ್ಯ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಬೂಟು ಕೊಡಿಸಿದವರನ್ನು ಒಂದು ಮಾತು ಕೇಳದೆ ಇರಬಾರದೆಂದು ಮನೆಯವರು ಹುಡುಗನನ್ನು ಅಲ್ಲಿಗೆ ಕರೆದೊಯ್ದರು. ನಾನೂ ಹೋದೆ. ಸಾವಕಾರರು ಕ್ಲಬ್ಬಿನ ಬಗ್ಗೆ ಕೇಳಲಿಲ್ಲ, ಕೋಚಿನ ಬಗ್ಗೆ ಕೇಳಲಿಲ್ಲ.

"ಅಲ್ಲಿ ಹೊತ್ತ ಎಷ್ಟಕ್ಕ ಮುಳುಗತೈತಿ?" ಎಂದರು.

ಮೊಬೈಲ್ ನೋಡಿ ಹೇಳಿದೆ. ಫಿನ್‌ಲೆಂಡಿನ ಉತ್ತರ ಭಾಗದಲ್ಲಿ ಬೇಸಿಗೆಯ ಕೆಲವು ವಾರ ಸೂರ್ಯ ಮುಳುಗುವುದೇ ಇಲ್ಲ ಎಂದೆ. ಅವರ ಮುಖ ಅರಳಿತು. "ಹಂಗಾರ ಯಾವಾಗ ಬೇಕಾದ್ರೂ ಊಟಾ ಮಾಡಬಹುದು! ಫಿನ್‌ಲೆಂಡ್ ಪಕ್ಕಾ."

"ಸಾವಕಾರ್ರ, ಚಳಿಗಾಲದಾಗ ಅಲ್ಲಿ ಸೂರ್ಯಾ ಹುಟ್ಟೂದೂ ಇಲ್ಲರೀ."

"ಹಂಗಾರ ಚಳಿಗಾಲ ಬ್ಯಾಡ."

ನನಗೆ ರೇಗಿತು. "ಇವ ಜೈನ ಅಲ್ಲರೀ! ಯಾವಾಗ ಬೇಕಾದ್ರೂ ತಿಂತಾನ, ಏನ ಬೇಕಾದ್ರೂ ತಿಂತಾನ."

"ಅವ ತಿನ್ನಲಿ ಬಿಡ್ರಿ. ಅವನ ಊಟದ ಚಿಂತಿ ಯಾರಿಗೈತಿ? ಆಟಾ ನೋಡಾಕ ಹೋಗಾಂವ ನಾನು!"

ಬೀರಪ್ಪನ ಹೂವು

ಹುಡುಗನ ಅಪ್ಪನಿಗೆ ಇದ್ಯಾವುದೂ ಸಮಾಧಾನವಾಗಲಿಲ್ಲ. ಬೀರಪ್ಪನ ಗುಡಿಗೆ ಹೋಗಿ ಹೂವು ಕೇಳೋಣ ಎಂದರು. ದೇವರ ಎರಡು ಭುಜಕ್ಕೆ ಎರಡು ಹಸಿ ಹೂವು ಅಂಟಿಸಿ ಎದುರು ಕೂಡುವುದು. ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ದೇವರ ಮಾತು. ಹೂವು ಅಂಟಿಸುವಾಗ ಪೂಜಾರಿಗೆ ಹೊಳೆಯಿತು, ಭುಜ ಎರಡು, ದೇಶ ಮೂರು.

ಪೂಜಾರಿ ಕೂಡಲೇ ದಾರಿ ಹುಡುಕಿದರು. "ಬಲಕ್ಕ ಓಮನ್, ಎಡಕ್ಕ ಪೋರ್ಚುಗಲ್. ಎರಡೂ ಬೀಳಲಿಲ್ಲಂದ್ರ ಫಿನ್‌ಲೆಂಡ್."

"ಎಷ್ಟೊತ್ತ ಬೀಳಲಿಲ್ಲಂದ್ರ?" ಎಂದೆ.

"ಅದನ್ನೂ ದೇವರ ಹೇಳಬೇಕ್ರಿ."

ಎರಡು ತಾಸು ಕೂತೆವು. ಆ ಎರಡು ತಾಸು ಅವನು ಮೈದಾನದಲ್ಲಿ ಓಡುತ್ತಿರಬೇಕಿತ್ತು. ಆಮೇಲೆ ಹೋಗಿದ್ದ ಕರೆಂಟು ಬಂತು, ಗುಡಿಯ ಫ್ಯಾನು ಗಿರ್ರನೆ ತಿರುಗಿತು, ಎರಡೂ ಹೂವು ಒಟ್ಟಿಗೇ ಕೆಳಗೆ ಬಿದ್ದವು. ಎಲ್ಲರೂ ಪೂಜಾರಿಯ ಬಾಯಿ ನೋಡಿದರು. ಅವರು ಕೈ ಮುಗಿದು, "ಎರಡೂ ಕಡಿ ಆಡ ಅಂದಾನ" ಎಂದರು.

ಅಪ್ಪ ನನ್ನ ಕಡೆ ತಿರುಗಿದರು. "ಸರ್, ಎರಡರ ನಡುವ ಎಷ್ಟ ದೂರ ಐತ್ರಿ?"

ನನ್ನ ಭಾಷಣ

ಒಂಬತ್ತನೆಯ ದಿನ ನನಗೆ ತಡೆಯಲಾಗಲಿಲ್ಲ. ಹುಡುಗನನ್ನು ಮೈದಾನದ ಕಟ್ಟೆಯ ಮೇಲೆ ಕೂಡಿಸಿ ಅರ್ಧ ತಾಸು ಮಾತಾಡಿದೆ. ಯಾರ ಓಣಿಯವರು, ಯಾರ ಊಟ ಎಂದು ನೋಡಿ ದೇಶ ಆರಿಸಬಾರದು, ಆಟ ನೋಡಿ ಆರಿಸಬೇಕು ಎಂದೆ. ಫುಟ್‌ಬಾಲ್ ಎಂದರೆ ಪೋರ್ಚುಗಲ್, ಅಲ್ಲಿದ್ದರೆ ದೊಡ್ಡ ಕ್ಲಬ್ಬುಗಳ ಕಣ್ಣಿಗೆ ಬೀಳುತ್ತೀ ಎಂದೆ. "ಅಲ್ಲಿ ಓಣ್ಯಾಗಿನ ಸಣ್ಣ ಹುಡುಗೂರೂ ನಿನಗಿಂತ ಛಲೋ ಆಡ್ತಾವಲೇ!"

"ಖರೆ ಐತ್ರಿ ಸರ್," ಎಂದ. "ಅದಕ್ಕ ನಾ ಅಲ್ಲಿ ಹೋಗಂಗಿಲ್ಲ."

"ಯಾಕ?"

"ಅಂಥಾವ್ರನ್ನ ಬಿಟ್ಟ ನನ್ನ ಯಾಕ ಆಡಿಸ್ತಾರ್ರೀ?"

ಗೋವಾದಲ್ಲಿ ಜೊತೆಗಿದ್ದು ಹೊರಗೆ ಹೋದ ಆಟಗಾರರಿಗೆಲ್ಲ ಅವನು ಫೋನ್ ಮಾಡಿದ್ದ. ಕೇಳಿದ್ದು ಒಂದೇ ಪ್ರಶ್ನೆ, ಹೊಸಬನನ್ನು ಎಷ್ಟು ದಿನ ಬೆಂಚಿನ ಮೇಲೆ ಕೂಡಿಸುತ್ತಾರೆ? ಪೋರ್ಚುಗಲ್ಲಿನವನು ವರ್ಷವಾದರೂ ಕೂತೇ ಇದ್ದೇನೆ ಎಂದನಂತೆ. ಓಮನ್ನಿನವನು, ಹೊರಗಿನವರಿಗೆ ಇರುವ ನಾಲ್ಕು ಜಾಗ ಹೆಸರು ಮಾಡಿದವರಿಗೇ ಹೋಗುತ್ತವೆ ಎಂದನಂತೆ. ಫಿನ್‌ಲೆಂಡಿನವನನ್ನು ಮಾತ್ರ ಮೂರನೆಯ ವಾರಕ್ಕೇ ಆಟಕ್ಕಿಳಿಸಿದ್ದರು.

"ಸರ್, ಫಿನ್‌ಲೆಂಡಿನ ಆಟಾ ಯಾವಾಗರ ನೋಡೀರೇನ್ರೀ?"

"ಇಲ್ಲ."

"ಯಾರೂ ನೋಡಿಲ್ಲರೀ. ಅಲ್ಲೇ ನನಗ ಜಾಗಾ ಐತಿ."

ಅಲ್ಲಿಗೆ ಉತ್ತರವನ್ನು ಅವನು ಎರಡನೆಯ ದಿನವೇ ಕಳಿಸಿದ್ದ! ನನಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. "ಮತ್ತ ಇಷ್ಟ ದಿನ ಬಾಯಿ ಮುಚಗೊಂಡ ನಮ್ಮ ಹಿಂದ ಯಾಕ ತಿರಗಿದೀಲೇ?"

"ದೊಡ್ಡವರು ವಿಚಾರ ಮಾಡಾಕತ್ತಿದ್ರಿ. ನಡುವ ಬಾಯಿ ಹಾಕಬಾರದಂತ ಸುಮ್ನಿದ್ನಿರೀ."

ಈಗ ಸುದ್ದಿ ಹಬ್ಬಿದೆ. ಬೀಳಗಿಯಲ್ಲಿ ಒಂದು ಸನ್ಮಾನ, ಬನಹಟ್ಟಿಯಲ್ಲಿ ಎರಡು. ಅವನು ಹೊರಡಲು ಉಳಿದಿರುವುದು ಇಪ್ಪತ್ತು ದಿನ. ಅಲ್ಲಿ ಅವನ ಎದುರು ಬರುವವರು ಹಾರ ಹಾಕುವವರಲ್ಲ, ಕಾಲಿಗೆ ಕಾಲು ಕೊಡುವವರು. ಇಲ್ಲಿ ಅವನೆದುರು ಆಡಲು ಹನ್ನೊಂದು ಜನ ಕೂಡುತ್ತಿಲ್ಲ. ಮೊನ್ನೆ ಏಳು ಮಂದಿ ಬಂದರು, ಅದರಲ್ಲಿ ಇಬ್ಬರು ಸೆಲ್ಫಿಗೆ. ಇದನ್ನು ಓದುತ್ತಿರುವ ನೀವು ಶಾಲು ಮನೆಯಲ್ಲಿಡಿ. ನಾಳೆ ಬೆಳಿಗ್ಗೆ ಆರಕ್ಕೆ ಬೂಟು ಹಾಕಿಕೊಂಡು ಜಮಖಂಡಿ ಮೈದಾನಕ್ಕೆ ಬನ್ನಿ. ಬಂದು ಅವನ ಕಾಲಿನಿಂದ ಚೆಂಡು ಕಿತ್ತುಕೊಳ್ಳಿ.