ಹನ್ನೊಂದು ಕೇಕುಗಳ ಪಾಪ

ಸುಳ್ಳು ಹೇಳಬೇಕಾದರೆ ಬಾಯಿ ತೆರೆದು ಮಾತಾಡಲೇಬೇಕು ಎಂದೇನಿಲ್ಲ. ಬಾಯಿ ತೆರೆದು ಕೇಕು ತಿಂದರೂ ಸಾಕು. ಇದು ನನಗೆ ಗೊತ್ತಾಗಿದ್ದು ಎಪ್ಪತ್ತು ದಾಟಿದ ಮೇಲೆ. ಅಲ್ಲಿಯವರೆಗೆ ನಾನು ಬಹಳ ಪ್ರಾಮಾಣಿಕಳು ಎಂದೇ ನಂಬಿದ್ದೆ. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿ, ಕೊನೆಗೆ ಮ್ಯಾಟ್ರನ್ ಆಗಿ ದುಡಿದವಳು. ಈಗಲೂ ಐದಕ್ಕೆ ಏಳುತ್ತೇನೆ, ಐದೂಕಾಲಿಗೆ ಚಹಾ, ಐದೂವರೆಗೆ ಹಾಸಿಗೆಯ ಚಾದರದ ಮೂಲೆಗಳನ್ನು ವಾರ್ಡಿನಲ್ಲಿ ಮಡಿಸಿದಂತೆ ಮಡಿಸಿ ಒಳಗೆ ಸಿಕ್ಕಿಸುತ್ತೇನೆ. ಮನೆಯಲ್ಲಿ ಇರುವುದು ನಾನೊಬ್ಬಳೇ. ಆದರೂ ಯಾವ ಗಳಿಗೆಯಲ್ಲಾದರೂ ದೊಡ್ಡ ಡಾಕ್ಟರು ರೌಂಡ್ಸಿಗೆ ಬರಬಹುದು ಎನ್ನುವಂತೆ ಇರುತ್ತೇನೆ. ಇಂಥ ನಾನು ಪ್ರತಿ ಡಿಸೆಂಬರಿನಲ್ಲೂ ನನ್ನದಲ್ಲದ ಹಬ್ಬದ ಕೇಕನ್ನು ಕೈಯೊಡ್ಡಿ ಇಸಿದುಕೊಂಡು, ನಾಲ್ಕು ಮಾತಿನಲ್ಲಿ ಧನ್ಯವಾದ ಹೇಳಿ, ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದೆ.

ನಾವು ಯೆಹೂದಿಗಳು. ಕೊಂಕಣ ತೀರದಲ್ಲಿ ತಲೆತಲಾಂತರದಿಂದ ಎಣ್ಣೆಗಾಣ ಆಡಿಸಿಕೊಂಡು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಜನ. ಅಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದುದರಿಂದ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ; ಮದುವೆಯಾಗಿ ವಡೋದರಾಕ್ಕೆ ಬಂದ ಮೇಲೆ ಗುಜರಾತಿ. ಆಸ್ಪತ್ರೆಯಲ್ಲಿ ನಾನು ಯಾರು ಎಂಬ ಗೊಂದಲ ಯಾರಿಗೂ ಇರಲಿಲ್ಲ. ಕ್ರಿಸ್‌ಮಸ್ ದಿನ ಕೇರಳದ ಹುಡುಗಿಯರಿಗೆಲ್ಲ ರಜೆ ಬೇಕು, ಅವರ ಡ್ಯೂಟಿ ನನಗೆ. ನನ್ನ ದೊಡ್ಡ ಉಪವಾಸದ ದಿನ ನನ್ನ ಡ್ಯೂಟಿ ಅವರಿಗೆ. ಲೋಕದಲ್ಲಿ ಹೇಗೋ ಏನೋ, ಡ್ಯೂಟಿ ಚಾರ್ಟಿನಲ್ಲಿ ಮಾತ್ರ ಧರ್ಮಗಳೆಲ್ಲ ಬಹಳ ಅನ್ಯೋನ್ಯವಾಗಿದ್ದವು.

ನಿವೃತ್ತಳಾಗಿ ಮಂಜಲ್‌ಪುರದ ಈ ಫ್ಲ್ಯಾಟಿಗೆ ಬಂದೆ ನೋಡಿ, ಆಗ ಶುರುವಾಯಿತು. ಮೊದಲ ಡಿಸೆಂಬರಿನಲ್ಲೇ ಸೊಸೈಟಿಯ ಸೆಕ್ರೆಟರಿ ಪ್ರವೀಣ್‌ಭಾಯಿ ಕಮಿಟಿಯವರನ್ನು ಕಟ್ಟಿಕೊಂಡು ಬಂದು, ಮೊಟ್ಟೆ ಹಾಕದ ಪೈನಾಪಲ್ ಕೇಕನ್ನು ನನ್ನ ಕೈಗಿತ್ತು ಕ್ರಿಸ್‌ಮಸ್ ಶುಭಾಶಯ ಹೇಳಿದರು. ಅವರಿಗೆ ಸಾಕ್ಷ್ಯಗಳು ಬೇಕಾದಷ್ಟಿದ್ದವು. ನನ್ನ ಹೆಸರು ರೂತ್. ನಾನು ನರ್ಸ್. ಶುಕ್ರವಾರ ಸಂಜೆ ನನ್ನ ಕಿಟಕಿಯಲ್ಲಿ ಎರಡು ಮೇಣದ ಬತ್ತಿ. ಬಾಗಿಲ ಚೌಕಟ್ಟಿಗೆ ಓರೆಯಾಗಿ ಬಡಿದ, ಒಳಗೆ ಪ್ರಾರ್ಥನೆಯ ಸುರುಳಿಯಿರುವ ಪುಟ್ಟ ಕೊಳವೆಯೊಂದು ಬೇರೆ ಇದೆ. ಅದನ್ನು ಕರೆಗಂಟೆಯೆಂದು ತಿಳಿದು ಒತ್ತಿ ಒತ್ತಿ ಸೋತು, ಆಮೇಲೆ ಬಾಗಿಲು ಬಡಿದು, ನಿಮ್ಮ ಬೆಲ್ ಕೆಟ್ಟಿದೆ ಎಂದು ಹೇಳಿಹೋಗುವುದು ಕೊರಿಯರಿನವರ ಪದ್ಧತಿ. ನಾನು ಪ್ರವೀಣ್‌ಭಾಯಿಗೆ ಅವತ್ತೇ ಬಿಡಿಸಿ ಹೇಳಿದೆ. ನಾವು ಕ್ರಿಶ್ಚಿಯನ್ನರಲ್ಲ, ಯೆಹೂದಿಗಳು, ಬೇರೆಯೇ ಧರ್ಮ ಎಂದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡು, ನಮ್ಮ ವೈಷ್ಣವರಲ್ಲೂ ಹಾಗೇ ಬೆನ್, ಬಹಳ ಬಗೆಗಳಿವೆ ಎಂದು ಸಮಾಧಾನ ಮಾಡಿದರು. ಎರಡನೆಯ ಸಲ ವಿವರಿಸೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೇಕಿನ ಪರಿಮಳ ಬಂತು. ಬಾಯಿ ಮುಚ್ಚಿಕೊಂಡೆ. ಆ ಬಾಯಿ ಹನ್ನೊಂದು ವರ್ಷ ಮುಚ್ಚಿಯೇ ಇತ್ತು, ಕೇಕು ತಿನ್ನುವ ಹೊತ್ತೊಂದು ಬಿಟ್ಟು.

ಹನ್ನೆರಡನೆಯ ಡಿಸೆಂಬರಿನಲ್ಲಿ ಕಮಿಟಿಯ ಉತ್ಸಾಹ ಹೆಚ್ಚಿತು. ಗೇಟಿನ ಮೇಲೆ ದೊಡ್ಡ ನಕ್ಷತ್ರ ಕಟ್ಟುವುದು, ಇಪ್ಪತ್ತನಾಲ್ಕರ ಸಂಜೆ ಆರಕ್ಕೆ ಸರಿಯಾಗಿ ರೂತ್‌ಬೆನ್ ಸ್ವಿಚ್ ಒತ್ತುವುದು, ನಂತರ ಕೇಕು. ಆ ವರ್ಷ ಇಪ್ಪತ್ತನಾಲ್ಕು ಶುಕ್ರವಾರ. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ನಮ್ಮ ಸಬ್ಬತ್ತಿನ ದೀಪ ಹಚ್ಚಿಬಿಡಬೇಕು. ಆಮೇಲೆ ಶನಿವಾರ ಸಂಜೆಯವರೆಗೆ ಬೆಂಕಿಯಿಲ್ಲ, ಸ್ವಿಚ್ಚೂ ಇಲ್ಲ. ಸ್ವಿಚ್ ಒತ್ತುವಂತಿಲ್ಲ, ಕೇಕು ಬಿಡುವ ಮನಸ್ಸಿಲ್ಲ. ಮಂಡಿನೋವು ಎಂದು ಹೇಳಿಕಳಿಸಿದರೆ ಕೇಕು ತಾನಾಗಿಯೇ ಮೇಲೆ ಬರಬಹುದೇ ಎಂದು ಲೆಕ್ಕ ಹಾಕುತ್ತ ಮೇಣದ ಬತ್ತಿ ನಿಲ್ಲಿಸುವ ಕಂಬಗಳನ್ನು ಉಜ್ಜುತ್ತಿದ್ದೆ. ನಾಲ್ಕು ಗಂಟೆ. ಯಾರೋ ಕೊಳವೆ ಒತ್ತಿ, ಆಮೇಲೆ ಬಾಗಿಲು ಬಡಿದರು.

ಕೆಳಗಿನ ಮಹಡಿಯ ವೀಣಾ. ಮದುವೆಯಾಗಿ ಕುಂದಾಪುರದ ಕಡೆಯಿಂದ ಬಂದು ಮೂರು ತಿಂಗಳಾಗಿತ್ತು. ಗಂಡನಿಗೆ ಕೊಯಾಲಿಯ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಉಡುಪಿ ಸೀಮೆ ಎಂದ ಕೂಡಲೇ ಸೊಸೈಟಿ ಅವಳನ್ನು ಹೋಟೆಲಿನವರ ಪೈಕಿ ಎಂದು ತೀರ್ಮಾನಿಸಿ, ದೋಸೆಹಿಟ್ಟು ಹುಳಿ ಬರದಿದ್ದರೆ ಅವಳ ಬಾಗಿಲಿಗೆ ಹೋಗುತ್ತಿತ್ತು. ಕೈಯಲ್ಲಿ ಮುಚ್ಚಿದ ತಟ್ಟೆ ಹಿಡಿದಿದ್ದಳು.

"ನೀವೂ ನಮ್ಮವರೇ ಅಂತ ನಂಗೆ ಇವತ್ತು ಗೊತ್ತಾದದ್ದು ಆಂಟಿ. ಹನ್ನೊಂದು ವರ್ಷದಿಂದ ನಿಮಗೆ ಕ್ರಿಸ್‌ಮಸ್ ಕೇಕು ಕೊಡುದಂತಲ್ಲ, ಸೆಕ್ರೆಟರಿ ಹೇಳಿದ್ರು. ಈ ಇಡೀ ಬಿಲ್ಡಿಂಗಿನಲ್ಲಿ ಕ್ರಿಶ್ಚಿಯನ್ ಅಂತ ನಾನೊಬ್ಬಳೇ ಇರುದು ಅಂತ ಎಣಿಸಿದ್ದೆ," ಎಂದಳು.

ತಟ್ಟೆಯಲ್ಲಿ ಅವರ ಕಡೆಯ ಕ್ರಿಸ್‌ಮಸ್ ತಿಂಡಿಗಳು. ಅಮ್ಮ ಫೋನಿನಲ್ಲಿ ಹೇಳಿದ್ದು, ಇವಳು ಒಬ್ಬಳೇ ನಿಂತು ಕರಿದದ್ದು. ಊರಿನಲ್ಲಾದರೆ ಹನ್ನೆರಡು ಮನೆಗೆ ಹಂಚುತ್ತಿದ್ದರಂತೆ. ಇಲ್ಲಿ ಯಾರಿಗೆ ಕೊಡುವುದೆಂದು ತಿಳಿಯದೆ ಎರಡು ದಿನ ಡಬ್ಬಿಯಲ್ಲೇ ಇತ್ತಂತೆ. ಗಂಡನಿಗೆ ಇವತ್ತೂ ಡ್ಯೂಟಿ. "ನೀವೊಬ್ಬರು ಸಿಕ್ಕಿದ್ರಲ್ಲ, ಸಾಕು," ಎನ್ನುವಾಗ ಅವಳ ಕಣ್ಣು ತುಂಬಿತ್ತು.

ಹನ್ನೊಂದು ವರ್ಷ ನಾನು ಯಾರಿಗೂ ಕೇಡು ಮಾಡಿಲ್ಲ ಎಂದುಕೊಂಡಿದ್ದೆ. ಈಗ ನೋಡಿದರೆ ಈ ಹುಡುಗಿಯ ಜಾಗದಲ್ಲಿ ಕಾಲು ಚಾಚಿ ಕುಳಿತಿದ್ದೆ. ಅವಳ ನಕ್ಷತ್ರ, ಅವಳ ಸ್ವಿಚ್ಚು, ಅವಳ ಪೈನಾಪಲ್.

"ಕೂಡ್ರು ತಂಗಿ," ಎಂದೆ. "ನಾ ನಿಮ್ಮಾಕಿ ಅಲ್ಲವಾ. ನಾವು ಯೆಹೂದಿ ಮಂದಿ."

ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು. "ಮತ್ತೆ ಆ ಕೇಕು?"

"ತಿಂದೆ."

"ಹನ್ನೊಂದು ವರ್ಷವೂ?"

"ಪೈನಾಪಲ್ ಇರ್ತಿತ್ತವಾ."

ಅಳುವುದಕ್ಕೆಂದು ಬಂದಿದ್ದ ಕಣ್ಣೀರನ್ನು ಅವಳು ನಗುವುದಕ್ಕೆ ಬಳಸಿಕೊಂಡಳು. ನಗು ನಿಂತ ಮೇಲೆ, ನವರಾತ್ರಿಯಲ್ಲಿ ಕಮಿಟಿಯವರು ತನ್ನ ಕೈಗೆ ಆರತಿ ತಟ್ಟೆ ಕೊಟ್ಟದ್ದನ್ನೂ, ತಾನು ಸುಮ್ಮನೆ ಬೆಳಗಿದ್ದನ್ನೂ ಒಪ್ಪಿಕೊಂಡಳು.

ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಚಾರ್ಜ್ ಕೊಡುವುದೆಂದಿದೆ. ಹೋಗುವವಳು ಬರುವವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇದು ಇಷ್ಟು, ಅದು ಅಷ್ಟು ಎಂದು ಬಾಯಿಬಿಟ್ಟು ಒಪ್ಪಿಸಬೇಕು. ಐದು ಗಂಟೆಗೆ ವೀಣಾಳನ್ನು ಕರೆದುಕೊಂಡು ಗೇಟಿನ ಹತ್ತಿರ ಹೋಗಿ, ಇವತ್ತಿನಿಂದ ಕ್ರಿಸ್‌ಮಸ್ ಚಾರ್ಜ್ ಈಕೆಯದು ಎಂದು ಒಪ್ಪಿಸಿದೆ. ಏಣಿ ಹಿಡಿದಿದ್ದ ಪ್ರವೀಣ್‌ಭಾಯಿ ಅವಳನ್ನು ಬಹಳ ಹೊತ್ತು ನೋಡಿ, ಹಾಗಾದರೆ ದೋಸೆ ಎಂದು ಮಾತ್ರ ಕೇಳಿದರು. ದೋಸೆಯೂ ಬರುತ್ತದೆ ಎಂದಳು ವೀಣಾ. ಆಮೇಲೆ ಅವರು ನನ್ನ ಕಡೆ ತಿರುಗಿ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನೊಂದುಕೊಂಡರು. ಮೊದಲ ದಿನವೇ ಹೇಳಿದ್ದನ್ನೂ, ಅವರು ವೈಷ್ಣವರ ಬಗೆಗಳನ್ನು ಹೇಳಿದ್ದನ್ನೂ ನೆನಪಿಸಿದೆ. ಅವರು ಡೈರಿ ತೆಗೆದರು. ಹಾಗಿದ್ದರೆ ನಿಮ್ಮ ಧರ್ಮದಲ್ಲಿ ಎಲ್ಲಕ್ಕಿಂತ ದೊಡ್ಡ ದಿನ ಯಾವುದು, ಮುಂದಿನ ವರ್ಷ ಯಾವತ್ತು ಬರುತ್ತದೆ ಎಂದರು. ಅವತ್ತು ಸತ್ಯ ಹೇಳುವ ಓಘದಲ್ಲಿದ್ದೆ. ನಮ್ಮ ಪ್ರಾಯಶ್ಚಿತ್ತದ ದಿನದ ಹಿಬ್ರೂ ಹೆಸರು, ತಾರೀಕು ಎರಡೂ ಹೇಳಿದೆ, ಅವರು ಬರೆದುಕೊಂಡರು. ಅದು ಇಡೀ ದಿನ ತೊಟ್ಟು ನೀರೂ ಮುಟ್ಟದ ಉಪವಾಸ ಎಂದು ವಿವರಿಸಬೇಕಿತ್ತು. ಆದರೆ ದೀಪ ಹಚ್ಚಲು ಹನ್ನೆರಡೇ ನಿಮಿಷ ಉಳಿದಿತ್ತು, ಮೆಟ್ಟಿಲು ಬೇರೆ ಹತ್ತಬೇಕಿತ್ತು. ಹೊರಟುಬಿಟ್ಟೆ.

ಆರಕ್ಕೆ ವೀಣಾ ಸ್ವಿಚ್ ಒತ್ತಿದ್ದನ್ನು ನನ್ನ ಎರಡು ದೀಪಗಳ ನಡುವಿನಿಂದ ನೋಡಿದೆ. ಅವಳ ತಿಂಡಿ ಹನ್ನೆರಡಲ್ಲ, ಇಪ್ಪತ್ತಾರು ಮನೆಗೆ ಹೋಯಿತು. ಕೇಕಿನ ಡಬ್ಬಿ ಅವಳ ಮನೆಯೊಳಕ್ಕೆ ಹೋದದ್ದನ್ನೂ ನೋಡಿದೆ. ಮನಸ್ಸು ಹಗುರವಾಯಿತು ಎಂದು ಬರೆಯಬಹುದು, ಆದರೆ ಆ ಡಬ್ಬಿ ಹಿಂದಿನ ವರ್ಷಗಳದ್ದಕ್ಕಿಂತ ದೊಡ್ಡದಾಗಿ ಕಂಡಿತು ಎಂಬುದನ್ನೂ ಬರೆಯಬೇಕಾಗುತ್ತದೆ.

ಪ್ರಾಯಶ್ಚಿತ್ತದ ದಿನವನ್ನು ನಮ್ಮ ಹಿರಿಯರು ಬಾಗಿಲು ಮುಚ್ಚುವ ಹಬ್ಬ ಎಂದೇ ಕರೆಯುತ್ತಿದ್ದರು. ಬಿಳಿ ಬಟ್ಟೆ ಉಟ್ಟು, ಕದ ಹಾಕಿಕೊಂಡು, ತಪ್ಪುಗಳನ್ನು ಒಂದೊಂದಾಗಿ ಒಪ್ಪಿಕೊಂಡು ಎದೆ ಬಡಿದುಕೊಳ್ಳುವ ದಿನ. ಪ್ರತಿವರ್ಷ ಅದಕ್ಕೆಂದು ಅಹಮದಾಬಾದಿನ ತಂಗಿಯ ಮನೆಗೆ ಹೋಗಿ, ಅಲ್ಲಿನ ನಮ್ಮ ಪ್ರಾರ್ಥನಾ ಮಂದಿರ ಸಿನಗಾಗಿನಲ್ಲಿ ಕುಳಿತಿರುತ್ತಿದ್ದೆ. ಮರುವರ್ಷ ಮಂಡಿ ನಿಜವಾಗಿಯೇ ಊದಿ ಮನೆಯಲ್ಲೇ ಉಳಿದೆ. ಹನ್ನೊಂದು ಗಂಟೆಗೆ ಸರಿಯಾಗಿ ಬಾಗಿಲು ಬಡಿದ ಸದ್ದು. ಪ್ರವೀಣ್‌ಭಾಯಿ ಈಗ ತಿಳಿದವರು, ಕೊಳವೆ ಒತ್ತಿರಲಿಲ್ಲ. ಹಿಂದೆ ಇಡೀ ಕಮಿಟಿ, ಮುಂದೆ ಪೈನಾಪಲ್ ಕೇಕು. ಮೇಲೆ ಕ್ರೀಮಿನಲ್ಲಿ ನಮ್ಮ ಉಪವಾಸದ ಹೆಸರು, ಒಂದಕ್ಷರವೂ ತಪ್ಪಿಲ್ಲದೆ. ಅವರ ಮುಖದಲ್ಲಿದ್ದ ಸಂತೋಷ ನೋಡಿ ಹಾಳು ಮಾಡಲು ಮನಸ್ಸಾಗಲಿಲ್ಲ. ಅವರೆಲ್ಲ ಹೋದ ಮೇಲೆ, ಹೊಸದಾಗಿ ಕಮಿಟಿ ಸೇರಿದ್ದ ವೀಣಾ ಒಬ್ಬಳು ಹಿಂದುಳಿದಳು. ಅದು ಉಪವಾಸವೆಂದು ಅವಳಿಗೆ ಗೊತ್ತಿತ್ತು, ಆದರೆ ಕಮಿಟಿಗೆ ಹೇಳುವಷ್ಟರಲ್ಲಿ ಕೇಕಿಗೆ ಆರ್ಡರ್ ಹೋಗಿಯಾಗಿತ್ತು.

"ಆಂಟಿ, ಇದನ್ನು ಸಂಜೆ ತನಕ ನಮ್ಮ ಫ್ರಿಜ್ಜಿನಲ್ಲಿ ಇಡುದಾ?"

"ಬ್ಯಾಡ, ಇಲ್ಲೇ ಇರ್ಲಿ," ಎಂದೆ. ಮನಸ್ಸಿಗೆ ಸಂಯಮದ ಅಭ್ಯಾಸವಾಗಲಿ ಎಂದು ಕಾರಣ ಕೊಟ್ಟೆ. ನಿಜವಾದ ಕಾರಣ ಅವಳ ಗಂಡ. ಅವತ್ತು ಅವನಿಗೆ ರಜೆ.

ಅವಳು ಕೇಕನ್ನು ನನ್ನ ಫ್ರಿಜ್ಜಿನಲ್ಲಿಟ್ಟು ಹೋದಳು. ನಾನು ತಪ್ಪೊಪ್ಪಿಗೆಗೆ ಕುಳಿತೆ. ಪಟ್ಟಿಯ ಮೊದಲಿಗೇ ಆ ಹನ್ನೊಂದು ಕೇಕು. ಕೇಕಿಗೊಂದು ಏಟಿನಂತೆ ಎದೆಗೆ ಮುಷ್ಟಿಯಿಂದ ಬಡಿದುಕೊಳ್ಳುತ್ತ ಏಳಕ್ಕೆ ಬರುವಷ್ಟರಲ್ಲಿ ಫ್ರಿಜ್ಜು ಗುರ್ ಎಂದಿತು. ಎಲ್ಲಿದ್ದೆನೆಂದು ಮರೆತು ಮತ್ತೆ ಒಂದರಿಂದ ಶುರು ಮಾಡಿದೆ. ಹೀಗೆ ನಾಲ್ಕು ಸಲವಾಯಿತು.

ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ಉಪವಾಸ ಮುಗಿದಂತೆ. ಮೂವತ್ತೈದು ವರ್ಷ ಗಡಿಯಾರ ನೋಡಿ ಔಷಧಿ ಕೊಟ್ಟವಳು ನಾನು, ಒಂದು ನಿಮಿಷ ಹಿಂದೆ ಮುಂದೆ ಮಾಡಿದ್ದಿಲ್ಲ. ಸಂಜೆ ಬಾಲ್ಕನಿಯಲ್ಲಿ ನಿಂತು ಕತ್ತೆತ್ತಿದೆ. ಎರಡು ನಕ್ಷತ್ರ ಸ್ಪಷ್ಟವಾಗಿ ಕಂಡವು. ಮೂರನೆಯದು ಮಿಣುಕುತ್ತ ಮೆಲ್ಲಗೆ ವಿಮಾನ ನಿಲ್ದಾಣದ ಕಡೆಗೆ ಇಳಿಯುತ್ತಿತ್ತು. ಅದನ್ನೂ ಸೇರಿಸಿಕೊಂಡು, ಚಾಕು ಹುಡುಕಲು ಒಳಗೆ ಹೋದೆ.