ಮಾವನ ಪಿಚ್ಚರ್ ಬಂದೈತಿ

ನನ್ನ ಸೋದರಮಾವ ಮೂರು ಸಿನಿಮಾ ತೆಗೆದಿದ್ದಾನೆ. ಮೂರನ್ನೂ ವಿರೋಧಿಸಿದವರು ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ನೋಡಿದವರನ್ನು ಮಾತ್ರ ನಾನಿನ್ನೂ ಹುಡುಕುತ್ತಿದ್ದೇನೆ. ಸಿಕ್ಕರೆ ದಯವಿಟ್ಟು ತಿಳಿಸಿ!

ನಿಜ ಹೇಳಬೇಕೆಂದರೆ ನನಗೆ ಸುಸ್ತಾಗಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ: "ನಿಮ್ಮ ಮಾವ ಯಾ ಪಾರ್ಟಿ ಅದಾರ್ರಿ?"

"ಯಾ ಪಾರ್ಟಿನೂ ಅಲ್ರಿ."

"ಹಂಗಾರ ಆ ಕಡಿಯವರ ಅನ್ರಿ!"

ಈ ಕಡೆಯವರು ಅವನನ್ನು ಆ ಕಡೆಯವನೆನ್ನುತ್ತಾರೆ, ಆ ಕಡೆಯವರು ಈ ಕಡೆಯವನೆನ್ನುತ್ತಾರೆ. ಎರಡೂ ಕಡೆ ಜಾಗವಿಲ್ಲದ ಮಾವ ಬಂದು ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ಮಲಗುತ್ತಾನೆ.

ಮೊದಲ ಸಿನಿಮಾದಲ್ಲಿ ಒಂದೇ ರಸ್ತೆಯನ್ನು ಮೂರು ಸಲ ಉದ್ಘಾಟಿಸುವ ನಾಯಕನೊಬ್ಬನಿದ್ದ. ಅವನ ಶಾಲಿನ ಬಣ್ಣ ತಮ್ಮದೆಂದು ಒಂದು ಪಕ್ಷದವರು ಕುಷ್ಟಗಿಯಲ್ಲಿ ಪೋಸ್ಟರ್ ಹರಿದರು. ಎರಡನೆಯದರಲ್ಲಿ ಮಾವ ಜಾಣನಾಗಿ ಎಲ್ಲ ಶಾಲುಗಳನ್ನೂ ಬಿಳಿ ಮಾಡಿದ. ಆಗ ಎಲ್ಲ ಪಕ್ಷದವರೂ ಜಗಳಕ್ಕೆ ಬಂದರು! ಮೂರನೆಯದರಲ್ಲಿ ನಾಯಕನಿಗೆ ಮುಖವೇ ಇಲ್ಲ, ಬರೀ ಚಪ್ಪಲಿ. ಟ್ರೇಲರ್ ಬಿಟ್ಟ ಮರುದಿನವೇ ಒಬ್ಬ ಕಾರ್ಯಕರ್ತ ಠಾಣೆಗೆ ಹೋಗಿ, "ಈ ಚಪ್ಪಲಿ ನಮ್ಮ ಸಾಹೇಬ್ರದರಿ, ನಾ ದಿನಾ ನೋಡ್ತೀನಿ" ಎಂದು ದೂರು ಕೊಟ್ಟ. ದಿನಾ ಅದನ್ನೇ ಯಾಕಪ್ಪಾ ನೋಡುತ್ತೀ ಎಂದು ಯಾರೂ ಕೇಳಲಿಲ್ಲ!

ಬಿಳಿ ಶಾಲು ಎರಡನೆಯದರಲ್ಲೇ ಬಂದದ್ದೇ? ನನ್ನ ಡೈರಿಯಲ್ಲಿ ಹಾಗಿದೆ. ಆದರೆ ಡೈರಿ ಬರೆದವನೂ ನಾನೇ ತಾನೆ? ಈ ಕಥೆಗಳನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಜನ ನಕ್ಕ ಕಡೆಯೆಲ್ಲ ಅವು ಸ್ವಲ್ಪ ದಪ್ಪಗಾಗಿವೆ.

ಮಾವನಿಗೆ ಪ್ರಶಸ್ತಿಯ ಹುಚ್ಚಿಲ್ಲ. ಅವನದು ಒಂದೇ ಹಟ. ಅವನ ಅಕ್ಕ, ಅಂದರೆ ನನ್ನ ಅವ್ವ, ಅವನ ಒಂದು ಸಿನಿಮಾವನ್ನಾದರೂ ಟಾಕೀಸಿನಲ್ಲಿ ಕೂತು ನೋಡಬೇಕು. "ಫೋನಿನ್ಯಾಗ ತೋರಿಸಿಬಿಡು ಮಾವಾ" ಎಂದರೆ ಉರಿದುಬೀಳುತ್ತಾನೆ: "ನಮ್ಮಕ್ಕನ ಅಂಗೈಯಾಗ ಹಿಡಿಸೂವಂಥ ಪಿಚ್ಚರ್ ನಾ ತಗದಿಲ್ಲ!"

ಮೂರನೆಯದು ಗಂಗಾವತಿಯ ಟಾಕೀಸಿಗೆ ಬರುವುದೆಂದು ನಿಶ್ಚಯವಾಯಿತು. ಚಪ್ಪಲಿ ದೂರಿನಿಂದಾಗಿ ಕೊನೆಯವರೆಗೂ ಅನುಮಾನವೇ. ಅಲ್ಲಿನ ಗೇಟಿನ ಚಾಚಾ ಮಾವನ ಹಳೆಯ ದೋಸ್ತ. ಅವನು ಬೆಳಿಗ್ಗೆಯೇ ನನಗೆ ಫೋನಿನಲ್ಲಿ ಕೂಗಿದ: "ಪಿಚ್ಚರ್ ಬಂದೈತ್ರಿ!"

ಡೈರಿಯಲ್ಲಿ ಬರೆದೆ: ಮಾವನ ಪಿಚ್ಚರ್ ಬಂದೈತಿ. ಅವ್ವ ಇಳಕಲ್ ಸೀರೆ ಉಟ್ಟಳು. ಅಂದು ಹುಣ್ಣಿಮೆ, ಬಸ್ ನಿಲ್ದಾಣದ ತುಂಬಾ ಹುಲಿಗಿಗೆ ಹೋಗುವ ಜನ.

"ಹುಲಿಗೆಮ್ಮನ ದರ್ಶನಕ್ಕೇನ್ರಿ ಅಕ್ಕಾರ?" ಎಂದಳು ಒಬ್ಬಾಕೆ.

"ಇಲ್ಲವಾ, ನಮ್ಮ ತಮ್ಮನ ದರ್ಶನಕ್ಕ!"

ಗಂಗಾವತಿಯಲ್ಲಿ ಇಳಿದು ಹೋದರೆ ಟಾಕೀಸಿನ ಗೇಟಿಗೆ ಬೀಗ!

"ಬಂದೈತಿ ಅಂದ್ರೆಲ್ಲ ಚಾಚಾ?"

"ಹೌದ್ರಿ, ಬಂದ್ ಐತಿ ಅಂತನ ಹೇಳೀನಿ! ಪಿಚ್ಚರ್ ಬಂದ್ ಐತಿ!"

ಕನ್ನಡ ಎಂ.ಎ. ಮಾಡಿದ ನನಗೆ ಒಂದು ಸಂಧಿ ಬಿಡಿಸಲು ಬರಲಿಲ್ಲ!

ನಮಗಿಂತ ಮೊದಲೇ ಬಂದಿದ್ದ ಮಾವ ಮೆಟ್ಟಿಲ ಮೇಲೆ ಕೂತಿದ್ದ. ಜಿಲ್ಲೆಯ ಅರ್ಧ ಜನರೊಡನೆ ಜಗಳವಾಡಿದವನು ಅಕ್ಕನ ಸೀರೆ ನೋಡಿ ತಲೆ ಬಗ್ಗಿಸಿದ. ಅವ್ವ ಸೆರಗು ಸರಿಮಾಡಿಕೊಂಡು ಅವನ ಪಕ್ಕದಲ್ಲೇ ಕೂತಳು.

"ಹೂಂ, ಹೇಳು."

"ಏನ್ ಹೇಳ್ಲಿ ಅಕ್ಕಾ?"

"ಪಿಚ್ಚರ್ ಹೇಳೋ. ಹಳ್ಳಿಯಾಗ ಬಯಲಾಟ ನೋಡಿ ಬಂದು ನನಗ ಹೇಳ್ತಿದ್ದಿಲ್ಲ, ಹಂಗ."

ಮಾವ ಮೊದಲು ಗೊಣಗಿದ, ಆಮೇಲೆ ಎದ್ದು ನಿಂತ. ನಾಯಕನ ಧ್ವನಿ, ಹಿಂಬಾಲಕರ ಧ್ವನಿ, ಜೀಪಿನ ಸದ್ದು, ಎಲ್ಲ ಅವನದೇ. ಕೈಯಲ್ಲಿ ಚಪ್ಪಲಿ ಹಿಡಿದು ಮೆಟ್ಟಿಲ ಮೇಲೆ ನಾಯಕನನ್ನು ನಡೆಸಿದ. ಚಾಚಾ "ಇಂಟರ್‌ವೆಲ್!" ಎಂದು ಚಹಾ ತಂದ. ಆಮೇಲೆ ನಾಯಕನ ಬಾಲ್ಯ ಬಂತು. ಬರಿಗಾಲ ಹುಡುಗ, ಬೇವೂರಿನ ಸಾಲಿ, ಐದನೇ ಕ್ಲಾಸಿಗೇ ಸಾಲಿ ಬಿಡುವ ಅಕ್ಕ. ತನ್ನ ಚಪ್ಪಲಿ ಬಿಚ್ಚಿ ಅವನಿಗೆ ಮೆಟ್ಟಿಸಿ ಕಳಿಸುತ್ತಾಳೆ, ಒಳಗೆ ಹೋಗಿ ಅಳುತ್ತಾಳೆ.

ನಾನು ಅವ್ವನ ಕಾಲು ನೋಡಿದೆ. ಆ ಚಪ್ಪಲಿ ಯಾವ ಸಾಹೇಬರದೂ ಅಲ್ಲ!

"ಅದನ್ನ ತಗಿ," ಎಂದಳು ಅವ್ವ.

"ಯಾವದು?"

"ಅಳೂದು. ನಾ ಅವತ್ತ ಅತ್ತಿಲ್ಲ, ರೊಟ್ಟಿ ಬಡಿಯಾಕ ಹತ್ತಿದ್ದೆ. ಸುಳ್ಳು ತೋರಿಸಬ್ಯಾಡ."

ಸೆನ್ಸಾರಿನವರು ಒಂದು ಮಾತು ತೆಗೆಯಲು ಹೇಳಿದಾಗ ಆರು ತಿಂಗಳು ಅಲೆದ ಮನುಷ್ಯ! ಮೊದಲ ಸಲ, ಸಿನಿಮಾ ನೋಡಿದವರೊಬ್ಬರು ಆಕ್ಷೇಪ ಎತ್ತಿದ್ದರು. ಮಾವ ಚಪ್ಪಲಿ ಕೆಳಗಿಟ್ಟ. "ಆತಕ್ಕಾ, ತಗಿತೀನಿ."

ನಿಲ್ದಾಣಕ್ಕೆ ಹೋಗುವಾಗ, ಅವ್ವ ನಾಲ್ಕು ಹೆಜ್ಜೆ ಮುಂದಿದ್ದಾಗ, ಮೆಲ್ಲಗೆ ಕೇಳಿದೆ: "ಖರೇನ ತಗಿತೀಯೇನು?"

"ಹೂಂ."

"ಅತ್ತಿದ್ದಿಲ್ಲೇನು ಹಂಗಾರ?"

"ಅತ್ತಿದ್ಳು. ಹೋದಾವ ತಿರುಗಿ ಬಂದು ಕದದ ಸಂದಿನ್ಯಾಗಿಂದ ನೋಡೀನಿ." ಮುಂದೆ ಹೋಗುತ್ತಿದ್ದ ಅಕ್ಕನ ಕಡೆ ನೋಡಿದ. "ಆದ್ರ ಆಕಿ ಇಲ್ಲ ಅಂದಮ್ಯಾಲ ಇಲ್ಲ."

ಬಸ್ಸಿನಲ್ಲಿ ಅವ್ವ ತನ್ನ ಪಕ್ಕದ ಸೀಟಿಗೆ ಕರವಸ್ತ್ರ ಹಾಕಿ ತಮ್ಮನಿಗಾಗಿ ಹಿಡಿದಿದ್ದಳು. ಗಿಣಿಗೇರಿ ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ, ಸೆರಗಿನಿಂದ ಮತ್ತೆ ಮತ್ತೆ ಕಣ್ಣೊರೆಸಿಕೊಂಡಳು. ಮಾವ ನೋಡದವನಂತೆ ಎದುರಿನ ರಸ್ತೆ ನೋಡುತ್ತಿದ್ದ.

ಮನೆಗೆ ಬಂದು ಡೈರಿ ತೆರೆದೆ. 'ಬಂದೈತಿ' ಎಂಬುದನ್ನು ತಿದ್ದಲಿಲ್ಲ. ಅದರ ಕೆಳಗೆ ಬರೆದೆ: ಅವ್ವ ಅಳಲಿಲ್ಲ.